ಎಂಟು ಹನುಮಂತುಗೆ, ಸೊನ್ನೆ ಸಹಿಗೆ

ಮಕ್ತಲ್‌ನ ಶೇಂಗಾ ವ್ಯಾಪಾರಿ ದೇವೇಂದ್ರಪ್ಪನವರು ಶಿವಗಂಗಾ ಮೇಡಂ ಅವರನ್ನು ಮೊದಲು ಕಂಡಿದ್ದು ಬಸ್ಸಿನಲ್ಲಿ. ಕಂಡ ಕೂಡಲೇ ಸೀರೆ ಮಾರುವ ಹೆಂಗಸು ಎಂದು ತೀರ್ಮಾನಿಸಿಬಿಟ್ಟರು. ತಪ್ಪು ಪೂರಾ ಅವರದಲ್ಲ. ಕೈಮಗ್ಗದ ಸೀರೆಗೆ ಹೆಸರಾದ ನಾರಾಯಣಪೇಟೆಯ ಬಸ್ಸಿನಲ್ಲಿ ಹಳೇ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಬೇರೆ ಏನು ತಾನೇ ಮಾರುತ್ತಾರೆ?

"ಏನವ್ವಾ, ಗಂಟು ಬಿಚ್ಚು, ನೋಡೋಣು. ಮನಿಯಾಕಿಗೊಂದು ಬೇಕಾಗೈತಿ."

"ಇವು ಮಾರಾಕ ಅಲ್ರಿ."

"ಮಾರಾಕ ಅಲ್ಲಂದ್ರ ಹೊತ್ಕೊಂಡು ತಿರಗೋದು ಯಾಕ?"

"ತಿದ್ದಾಕ."

ಸೀರೆಯನ್ನು ತಿದ್ದುವ ಬಗೆ ಹೇಗೆಂದು ಅವರಿಗೆ ತಿಳಿಯಲಿಲ್ಲ. ಇದು ರೇಟು ಏರಿಸುವ ಹೊಸ ಉಪಾಯವಿರಬೇಕು ಎಂದುಕೊಂಡರು.

ಮುಂದಿನ ಭಾನುವಾರ ಅದೇ ಗಂಟು ಮಕ್ತಲ್‌ನ ಶಾಲೆಯೊಂದರ ಮೇಜಿನ ಮೇಲೆ ಬಿಚ್ಚಿಕೊಂಡಿತು. ಒಳಗಿದ್ದದ್ದು ಮುಕ್ತ ವಿಶ್ವವಿದ್ಯಾಲಯದ ಹಳೇ ಬ್ಯಾಚಿನ ಬಿ.ಎ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳು. ಅಂದಿನಿಂದ ಮೇಡಂ ಪಾಠ ಹೇಳಬೇಕಿದ್ದ ಹೊಸ ಬ್ಯಾಚಿನಲ್ಲಿ ಎಲ್ಲರಿಗಿಂತ ಹಿರಿಯರು, ಐವತ್ತು ದಾಟಿದ ನಮ್ಮ ದೇವೇಂದ್ರಪ್ಪನವರು. ಅವರು ಮೆಲ್ಲಗೆ ಹಿಂದಿನ ಬೆಂಚಿಗೆ ಜಾರಿದರು.

ಈ ವಯಸ್ಸಿಗೆ ಬಿ.ಎ. ಯಾಕೆಂದರೆ, ತೆಲಂಗಾಣ ರಾಜ್ಯ ಹೊಸದು. ಗದ್ವಾಲ ಆಗಲೇ ಜಿಲ್ಲೆಯಾಗಿತ್ತು. ನಾರಾಯಣಪೇಟೆಯೂ ಇಂದೋ ನಾಳೆಯೋ ಆಗುತ್ತದೆ ಎಂದು ಚಹದ ಅಂಗಡಿಗಳೆಲ್ಲ ಹೇಳುತ್ತಿದ್ದವು. ಜಿಲ್ಲೆ ಆದ ಮೇಲೆ ಕಮಿಟಿಗಳು, ಕಮಿಟಿಗಳ ಮೇಲೆ ವೇದಿಕೆ, ವೇದಿಕೆಯ ಮೇಲೆ ಕುರ್ಚಿ. ಕುರ್ಚಿಗೆ ಡಿಗ್ರಿ ಬೇಕು. ತಡವಾಗಬಾರದೆಂದು ಅವರು ಅಂಗಡಿಯ ಬೋರ್ಡಿನ ಮೇಲೆ 'ದೇವೇಂದ್ರಪ್ಪ, ಬಿ.ಎ.' ಎಂದು ಮೊದಲೇ ಬರೆಸಿದ್ದರು. ಇಡೀ ಮಾರ್ಕೆಟ್ಟು ಅದನ್ನು ನೋಡಿಯಾದ ಮೇಲೆ ಹೆಂಡತಿ ಶಂಕ್ರಮ್ಮ ಗೋಣಿಚೀಲ ತಂದು 'ಬಿ.ಎ.' ಮುಚ್ಚಿ ಕಟ್ಟಿದಳು. "ಮೊದಲ್ನೇ ವರ್ಷರೆ ದಾಟ್ರಿ, ಆಮ್ಯಾಲ ಒಂದಕ್ಷರ ತೆರೀತೀನಿ" ಎಂದಳು.

ಶಿವಗಂಗಾ ಮೇಡಂ ಧರೂರಿನವರು. ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಬೆಳೆದವರು, ಮದುವೆಯಾಗಿ ನಾರಾಯಣಪೇಟೆಗೆ ಬಂದವರು. ಅವರು ಎಂ.ಎ. ಓದುವಾಗ ತೆಲಂಗಾಣ ಹೋರಾಟ ಜೋರಾಗಿ, ಪರೀಕ್ಷೆಗಳು ಮುಂದಕ್ಕೆ ಹೋಗಿ ಹೋಗಿ, ಈ ಸಲ ಎಲ್ಲರನ್ನೂ ಕಣ್ಮುಚ್ಚಿ ಪಾಸು ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಶಿವಗಂಗಾ ಒಂದು ಪೇಪರಿನಲ್ಲಿ ಫೇಲಾದರು. ಅದನ್ನು ಕ್ಲಾಸಿನ ಮೊದಲ ದಿನವೇ ಎದೆಯೆತ್ತಿ ಹೇಳಿಕೊಳ್ಳುತ್ತಿದ್ದರು: "ಅದು ನಂದೇ ಫೇಲು. ಯಾರ ಹತ್ರಾನೂ ಇಸ್ಕೊಂಡಿದ್ದಲ್ಲ."

ಅವರ ಇನ್ನೊಂದು ನೇಮ ಬಸ್ಸಿಗೆ ಸಂಬಂಧಿಸಿದ್ದು. ಪೇಪರು ಓದುವುದು ಬಸ್ಸು ಓಡುವಾಗ, ಮಾರ್ಕು ಹಾಕುವುದು ಬಸ್ಸು ನಿಂತಾಗ ಮಾತ್ರ. ಹಿಂದೊಮ್ಮೆ ಬಸ್ಸು ಗುಂಡಿಗಿಳಿದು ಯಾರದೋ ಮೂರು ಎಂಟಾಗಿತ್ತಂತೆ.

"ಹತ್ತಕ್ಕ ನಾಕು ಬಂದ್ರ ಪಾಸು, ಇಲ್ಲಂದ್ರ ಈ ವರ್ಷ ಪರೀಕ್ಷೆಗೆ ಕೂಡಂಗಿಲ್ಲ" ಎಂದು ಮೇಡಂ ಅಸೈನ್‌ಮೆಂಟ್ ಕೊಟ್ಟರು. ವಿಷಯ: ನಮ್ಮೂರ ಮಾರುಕಟ್ಟೆಯ ಒಂದು ದಿನ. "ನಿಮ್ಮ ಕೈ, ನಿಮ್ಮ ತಲಿ, ನಿಮ್ಮ ತಪ್ಪು. ಬ್ಯಾರೆದವರ ಮಾತು ತಗೊಂಡ್ರ ಅವರ ಹೆಸರು ಹೇಳ್ರಿ."

ದೇವೇಂದ್ರಪ್ಪನವರಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಅವರ ಅಜ್ಜನ ಕಾಲದಿಂದಲೂ ಅಂಗಡಿಯಲ್ಲಿ ಬರೆಯುವುದು ಗುಮಾಸ್ತನ ಕೆಲಸ, ಸಹಿ ಮಾಡುವುದು ಸಾವ್ಕಾರನ ಕೆಲಸ. ಓದಿ ನೋಡಿ ಸಹಿ ಮಾಡಿದರೆ ಗುಮಾಸ್ತನಿಗೆ ಅವಮಾನ. ಅಂಗಡಿಯಲ್ಲೇ ಮುದುಕನಾಗುತ್ತಿದ್ದ ಗುಮಾಸ್ತ ಹನುಮಂತು ಮೂರು ಪುಟ ಬರೆದ. ಸಾವ್ಕಾರರು ಕೆಳಗೆ ಸಹಿ ಜಡಿದು ಕಳಿಸಿದರು.

ಮುಂದಿನ ವಾರ ಕ್ಲಾಸು ಮುಗಿದ ಮೇಲೆ ಮೇಡಂ ಅವರನ್ನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಕರೆದು ಹಾಳೆಗಳನ್ನು ಕೈಗಿಟ್ಟರು. ಕೊನೆಯಲ್ಲಿ ಕೆಂಪು ಮಸಿ: 'ಹನುಮಂತು ಎಂಟು. ಸಹಿ ಸೊನ್ನೆ.'

"ಹನುಮಂತು ಬರದಾನಂತ ನಿಮಗ ಯಾರು ಹೇಳಿದ್ರು?"

"ಎರಡನೇ ಪುಟ ಓದ್ರಿ."

ಓದಿದರು. 'ಬೆಳಗ್ಗೆ ಗುಮಾಸ್ತ ಹನುಮಂತು ಆದ ನಾನು ಅಂಗಡಿ ತೆರೆಯುತ್ತೇನೆ. ನಮ್ಮ ಸಾವ್ಕಾರರು ಹತ್ತು ಗಂಟೆಗೆ ಬರುತ್ತಾರೆ. ಬಂದು ಚಹಾ ಕುಡಿದು ಎಲ್ಲರಿಗೂ ಬುದ್ಧಿ ಹೇಳುತ್ತಾರೆ. ಊಟವಾದ ಮೇಲೆ ಮಲಗುತ್ತಾರೆ. ಆಗ ವ್ಯಾಪಾರ ಚೆನ್ನಾಗಿ ನಡೆಯುತ್ತದೆ.'

ದೇವೇಂದ್ರಪ್ಪನವರ ಕಿವಿ ಕೆಂಪಾದವು. "ಮೇಡಂ, ಅಂಗಡಿ ನಂದು, ಹಾಳಿ ನಂದು, ಹನುಮಂತೂ ನಮ್ಮ ಆಳೇ. ಅಂದ್ಮ್ಯಾಲ ಎಂಟೂ ನಂದೇ ಅಲ್ಲೇನ್ರಿ?"

"ಮಗ್ಗ ಯಾರದಂತ ಕೇಳಿಲ್ರಿ ನಾನು. ನೇದವರು ಯಾರಂತ ಕೇಳೀನಿ."

"ನಾನು ಯಾರಂತ ನಿಮಗ ಗೊತ್ತಿಲ್ಲ."

"ಗೊತ್ತೈತ್ರಿ. ಎರಡನೇ ಪುಟದಾಗ ಪೂರಾ ಬಂದೈತಲ್ಲ."

ಬಸ್ಸು ಬಂತು. ಹತ್ತುತ್ತಾ ಮೇಡಂ ಹೇಳಿದರು: "ಇನ್ನೊಂದು ಸಲ ಬರೀರಿ. ಎರಡನೇ ಸಲ ಬರದ್ರ ಐದರ ಮ್ಯಾಲ ಕೊಡಂಗಿಲ್ಲ. ಬರೋ ಭಾನುವಾರ ಕಡೀ ದಿನ."

ದೇವೇಂದ್ರಪ್ಪನವರು ಅಂಗಡಿಗೆ ಹೋಗಿ ಹನುಮಂತುವಿನ ಮೇಲೆ ಹಾರಾಡಿದರು. "ನನ್ನ ನಿದ್ದಿ ಯಾಕ ಬರದೀ?"

"ಮಾರ್ಕೆಟ್ಟಿನ ಒಂದು ದಿನ ಅಂದ್ರೆಲ್ರೀ ಸಾವ್ಕಾರ್ರ. ನೀವು ಮಲಗದ ದಿನ ನಾ ನೋಡೇ ಇಲ್ಲ." ಇಷ್ಟು ಹೇಳಿ, ಆತ ತುಸು ನಾಚಿಕೊಂಡು ಕೇಳಿದ: "ಮೇಡಂ ಖರೇನ ಎಂಟು ಹಾಕ್ಯಾರೇನ್ರಿ?"

ಆ ವಾರ ದೇವೇಂದ್ರಪ್ಪನವರು ಹಟಕ್ಕೆ ಬಿದ್ದು ಮಧ್ಯಾಹ್ನ ಮಲಗಲಿಲ್ಲ. ಮಾರ್ಕೆಟ್ಟನ್ನು ನೋಡುತ್ತ ಕೂತರು, ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಅಕ್ಷರಗಳು ಮಳೆಗೆ ಸಿಕ್ಕ ಇರುವೆಗಳಂತೆ ಹಾಳೆಯ ತುಂಬ ದಿಕ್ಕಾಪಾಲಾದವು. ಹನುಮಂತು ಇಣುಕಲು ಬಂದರೆ ಕೈ ಅಡ್ಡ ಹಿಡಿದು "ನೋಡಬ್ಯಾಡಲೇ, ಕಾಪಿ ಹೊಡೀತಿ" ಎನ್ನುವರು.

ಭಾನುವಾರ ಹಾಳೆ ಕೊಟ್ಟ ಮೇಲೆ ಮನೆಗೆ ಹೋಗಲು ಕಾಲು ಬರಲಿಲ್ಲ. ನಾರಾಯಣಪೇಟೆಯಲ್ಲಿ ಯಾವ ಕೆಲಸವೂ ಇಲ್ಲದಿದ್ದರೂ ಟಿಕೀಟು ತೆಗೆಸಿ ಮೇಡಂ ಪಕ್ಕದ ಸೀಟಿನಲ್ಲಿ ಕೂತರು. ಮೇಡಂ ಗಂಟು ಬಿಚ್ಚಿ ಓದತೊಡಗಿದರು. ಒಂದು ಕಡೆ ನಕ್ಕರು. ಅದು ಯಾವ ಜಾಗವೆಂದು ದೇವೇಂದ್ರಪ್ಪನವರಿಗೆ ಗೊತ್ತಿತ್ತು: 'ಈ ವಾರ ನಾನು ಮಲಗಲಿಲ್ಲ. ವ್ಯಾಪಾರ ಕಮ್ಮಿಯಾಯಿತು. ಈ ಮಾತು ಮೊದಲು ಹೇಳಿದವನು ಹನುಮಂತು.'

ಓದಿ ಮುಗಿಯಿತು, ಪೆನ್ನಿನ ಟೋಪಿಯೂ ತೆಗೆದಾಯಿತು. ಆದರೆ ಆ ಹಾಳಾದ ಬಸ್ಸು ನಿಲ್ಲಲೊಲ್ಲದು! ದಿನವೂ ಮರಕ್ಕೊಮ್ಮೆ ನಿಲ್ಲುವ ಬಸ್ಸು ಅವತ್ತು ರಾಯಚೂರು ರೈಲಿನ ಹಾಗೆ ಓಡಿತು. ಯಾರಾದರೂ ಇಳಿಯಿರಪ್ಪ ಎಂದು ಅವರು ಕಂಡ ಕಂಡವರ ಮುಖ ನೋಡಿದರು. ಕೊನೆಗೆ ಹಿಂದಿನಿಂದ ಒಬ್ಬ ಮುದುಕಿ "ಆಪಂಡಯ್ಯಾ, ಆಪಂಡಿ!" ಎಂದು ನಿಲ್ಲಿಸಲು ತೆಲುಗಿನಲ್ಲಿ ಕೂಗಿದಳು. ಬಸ್ಸು ನಿಂತಿತು. ಮೇಡಂ ನಿಧಾನವಾಗಿ, ದುಂಡಗೆ, ಐದು ಎಂದು ಬರೆದರು.

ದೇವೇಂದ್ರಪ್ಪನವರು ಆ ಐದನ್ನು ಬಹಳ ಹೊತ್ತು ನೋಡಿದರು. ಗೋಣಿಚೀಲ, ಶಂಕ್ರಮ್ಮ, ಒಂದಕ್ಷರ, ಎಲ್ಲ ಕಣ್ಣಮುಂದೆ ಬಂತು. ಖುಷಿ ತಡೆಯಲಾರದೆ, ವ್ಯಾಪಾರಿಯ ನಾಲಗೆಯೂ ಸುಮ್ಮನಿರಲಾರದೆ ಕೇಳಿಯೇಬಿಟ್ಟರು:

"ಮೇಡಂ, ಬಸ್ಸು ಓಡೋವಾಗ ಬರದಿದ್ರ ಈ ಐದು ಆರಾಗ್ತಿತ್ತೇನ್ರಿ?"

ಮೇಡಂ ಗಂಟು ಕಟ್ಟುತ್ತಾ ಹೇಳಿದರು: "ಆಗಿದ್ರ ಆ ಒಂದು ಮಾರ್ಕು ಡ್ರೈವರ್ ಹೆಸರಿಗೆ ಹಾಕ್ತಿದ್ದೆ."