ಮೈಲಿಗೊಂದು ಗಂಟು

ಚನ್ನರಾಯಪಟ್ಟಣದ ಹೊರಗೆ, ಹೆದ್ದಾರಿ ಪಕ್ಕದ ಮೊದಲ ಟೆಲಿಫೋನ್ ತಂತಿ ಕಂಬಕ್ಕೆ ಕಿವಿಯಿಟ್ಟು ಲೈನ್‌ಮನ್ ಬೋರಪ್ಪ ನಿಂತಿದ್ದಾರೆ. ಇನ್ನೂ ಆರು ಗಂಟೆಯಾಗಿಲ್ಲ. ಜನವರಿಯ ಇಬ್ಬನಿಗೆ ಕಬ್ಬಿಣದ ಕಂಬ ಕೊರೆಯುತ್ತಿದೆ. ನಾನೂ ಕಿವಿಯಿಡಲು ಹೋಗಿ ತಟ್ಟನೆ ಹಿಂದೆ ಸರಿಯುತ್ತೇನೆ. ಅವರು ನಗುತ್ತಾರೆ. "ಒಂದ್ ಗಳ್ಗೆ ತಡ್ಕಬೇಕು ಸಾ. ಗುಂಯ್ ಅಂತದೆ ನೋಡಿ. ಅಂಗಂದ್ರೆ ಮುಂದ್ಕೆ ತಂತಿ ಬಿಗಿಯಾಗೇ ಅದೆ ಅಂತ."

ಹೆಗಲಿಗೆ ಕೊಕ್ಕೆ ಕಟ್ಟಿದ ಬಿದಿರು ಗಳ, ಚೀಲದಲ್ಲಿ ಇಕ್ಕಳ ಮತ್ತು ಒಂದು ಸುತ್ತು ತಂತಿ. ಇಷ್ಟನ್ನು ಹೊತ್ತು ಅವರು ಹಿರೀಸಾವೆ ಕಡೆಗೆ ಹೊರಡುತ್ತಾರೆ. ಬಿದ್ದ ತೆಂಗಿನ ಗರಿಯನ್ನು ಎಳೆದು ಹಾಕುತ್ತಾರೆ. ಹೊಂಗೆ ಮರದ ಕೊಂಬೆ ತಂತಿಗೆ ತಾಗಿದ್ದರೆ ಸವರುತ್ತಾರೆ. ಕವಣೆ ಕಲ್ಲಿಗೆ ಒಡೆದ, ತಂತಿ ಕೂರುವ ಪಿಂಗಾಣಿ ಬಟ್ಟಲು ಕಂಡರೆ ಹೊಡೆದವರ ವಂಶವನ್ನೆಲ್ಲ ಮೆಲ್ಲಗೆ ಸ್ಮರಿಸಿ ಕಂಬ ಹತ್ತುತ್ತಾರೆ. ಒಂದು ಮೈಲಿ ಆದಾಗ ಹೆಗಲ ಮೇಲಿನ ಟವಲಿನ ಅಂಚಿಗೆ ಜೋಲುವ ದಸಿಯಲ್ಲಿ ಒಂದು ಎಳೆ ಹಿಡಿದು ಗಂಟು ಹಾಕುತ್ತಾರೆ. ರಸ್ತೆಯಲ್ಲಿ ಕಿಲೋಮೀಟರ್ ಕಲ್ಲು ಬಂದು ಎಷ್ಟೋ ಕಾಲವಾಯಿತು, ಬೋರಪ್ಪನವರ ಟವಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹನ್ನೊಂದು ಮೈಲಿ, ಇನ್ನೂರ ತೊಂಬತ್ತು ಕಂಬ, ವಾರಕ್ಕೆ ಮೂರು ದಿನ, ಮೂವತ್ತೊಂದು ವರ್ಷ. ಹೆಚ್ಚುಕಡಿಮೆ ಐವತ್ತು ಸಾವಿರ ಮೈಲಿ. ಭೂಮಿಯನ್ನು ಎರಡು ಸುತ್ತು ಹಾಕುವಷ್ಟು ನಡೆದ ಈ ಮನುಷ್ಯ ಬೆಂಗಳೂರು ಕಂಡಿರುವುದು ಎರಡೇ ಸಲ. ಮೊದಲ ಹನ್ನೊಂದು ವರ್ಷ ದಿನಗೂಲಿ. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಕಂಬದಿಂದ ಜಾರಿ ಎಡಗಾಲಿನ ಹಿಮ್ಮಡಿ ಮುರಿಯಿತು. ಈಗಲೂ ಎಂಟನೆಯ ಗಂಟು ಹಾಕುವ ಹೊತ್ತಿಗೆ ಆ ಕಾಲು ಎಳೆಯತೊಡಗುತ್ತದೆ. ಹಿರೀಸಾವೆಯಲ್ಲಿ ಎರಡು ಇಡ್ಲಿ ತಿಂದು ಬಸ್ಸು ಹತ್ತಿದ ಮೇಲೆ, ಕಿಟಕಿ ಪಕ್ಕ ಕೂತು ಹನ್ನೊಂದು ಗಂಟುಗಳನ್ನೂ ಒಂದೊಂದಾಗಿ ಬಿಚ್ಚುತ್ತಾರೆ. "ಗಂಟಾಕ್ಕಂಡು ಮನೆ ಒಳೀಕ್ ಓಗಬಾರ್ದು ಸಾ. ನಮ್ಮನೇಲಿ ಅದೊಂದು ಸಾಸ್ತ್ರ."

ಆ ಶಾಸ್ತ್ರದ ಮೂಲ ಅವರ ಮನೆಯ ದೇವರ ಮೂಲೆಯಲ್ಲಿ, ಒಂದು ಮೊಳೆಗೆ ನೇತುಬಿದ್ದಿದೆ. ಅದು ಕಿರುಬೆರಳಿನ ಅರ್ಧ ದಪ್ಪದ, ಎಣ್ಣೆ ಕುಡಿದು ಕಪ್ಪಾದ ಒಂದು ಸುರುಳಿ ಹುರಿ. ಆಯುಧಪೂಜೆಯ ದಿನ ಬೋರಪ್ಪನವರ ಇಕ್ಕಳಕ್ಕಿಂತ ಮೊದಲು ಅದಕ್ಕೆ ಕುಂಕುಮ.

ಬೋರಪ್ಪನವರ ತಾತನ ತಾತ ಬೈರಯ್ಯ. ನೂರಮೂವತ್ತು ವರ್ಷಗಳಿಗೂ ಹಿಂದೆ, ಈ ಸೀಮೆಯಲ್ಲಿ ಡೇರೆ ಹಾಕಿದ್ದ ಒಬ್ಬ ಸರ್ವೆ ಸಾಹೇಬನ ಹಿಂದೆ ಸರಪಳಿ ಹಿಡಿಯುವ ಆಳಾಗಿ ಹೊರಟವನು. ಮನೆಯಲ್ಲಿ ಹೆಂಡತಿ, ಹಾಲು ಕುಡಿಯುವ ಮಗ. ಸಾಹೇಬನಿಗೆ ಹಡಗು ಹತ್ತುವ ಹುಕುಂ ಬಂತು, ಬೈರಯ್ಯನೂ ಹತ್ತಿದ. ಕರಾಚಿಯಿಂದ ಪಶ್ಚಿಮಕ್ಕೆ, ವಿಲಾಯಿತಿಗೆ ತಂತಿ ಎಳೆಯುವ ದಾರಿಯನ್ನು ಮರುಭೂಮಿಯಲ್ಲಿ ಅಳೆಯುವ ಕೆಲಸ. ಎಲ್ಲಿ ಕಂಬ ನಿಂತೀತು, ಎಲ್ಲಿ ಮರಳು ಸರಿದು ಕಂಬ ಮಲಗೀತು, ಎಷ್ಟು ದೂರಕ್ಕೆ ಬಾವಿ ಎಂದು ಸಾಹೇಬ ಬರೆದುಕೊಳ್ಳುವುದು. ಮುಂದೊಬ್ಬ ಹಿಂದೊಬ್ಬ ಸರಪಳಿ ಎಳೆದು, ಕಬ್ಬಿಣದ ಮೊಳೆ ಊರಿ ಕಿತ್ತು ಸಾಗುವುದು. ಬಿಸಿಲಿಗೆ ಕಾದ ಸರಪಳಿಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅಂಗೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಕುಡಿಯುವ ನೀರು ಒಂಟೆಯ ಬೆನ್ನ ಮೇಲೆ ಬರಬೇಕು. ಎಂಬತ್ತು ಸರಪಳಿಗೆ ಒಂದು ಮೈಲಿ. ಅಕ್ಷರ ಬಾರದ ಬೈರಯ್ಯ ಸೊಂಟದ ಹುರಿಯಲ್ಲಿ ಮೈಲಿಗೊಂದು ಗಂಟು ಹಾಕಿಕೊಂಡ. ವಾಪಸು ಬರುವಾಗ ಎಷ್ಟು ದೂರ ಎಂದು ಗೊತ್ತಿರಬೇಕಲ್ಲ.

ಬಂದದ್ದು ಹುರಿ ಮಾತ್ರ. ಜೊತೆಯಲ್ಲಿದ್ದವನೊಬ್ಬ ಮೂರು ವರ್ಷದ ನಂತರ ಅದನ್ನು ತಂದು ಜಗಲಿಯ ಮೇಲಿಟ್ಟನಂತೆ. ಜ್ವರ ಬಂತು, ಕೊನೆಯ ಗಂಟು ಹಾಕಿದಲ್ಲಿ ಕೂತ, ಏಳಲಿಲ್ಲ ಎಂದನಂತೆ. ಹಾಗಾಗಿ ಗಂಟುಗಳನ್ನು ಎಣಿಸಿದರೆ ಬೈರಯ್ಯ ಮಲಗಿದ ಜಾಗದ ಗುರುತು ಸಿಗಬೇಕು. ಆದರೆ ಆ ಮನೆಯವರು ಎಣಿಸಲಿಲ್ಲ. ಸತ್ತವನ ಹೆಜ್ಜೆ ಎಣಿಸಬಾರದು ಎಂದು ಮೊಳೆಗೆ ತೂಗುಹಾಕಿ ಕೈಮುಗಿದರು.

ಮುಂದಿನದು ಬೋರಪ್ಪನವರ ಅಜ್ಜಿ ಮಾದಮ್ಮನ ಚೊಚ್ಚಲ ಹೆರಿಗೆಯ ದಿನ ನಡೆದದ್ದು. ಎರಡು ದಿನವಾದರೂ ಮಗು ಬರಲಿಲ್ಲ. ಮನೆಯಲ್ಲಿ ಕಟ್ಟಿದ್ದೆಲ್ಲ ಬಿಚ್ಚಿ ಎಂದಳು ಸೂಲಗಿತ್ತಿ. ನಮ್ಮ ಕಡೆ ಹಾಗೆಯೇ. ಪೆಟ್ಟಿಗೆಯ ಬೀಗ, ಮಡಕೆಯ ಮುಚ್ಚಳ, ಹೆಂಗಸರ ತುರುಬು, ದನದ ಹಗ್ಗ ಎಲ್ಲ ಸಡಿಲವಾದರೆ ಬಸುರಿಯ ನೋವೂ ಸಡಿಲವಾಗುತ್ತದೆ ಎಂಬ ನಂಬಿಕೆ. ಎಲ್ಲ ಬಿಚ್ಚಿದರೂ ಮಗು ಬರಲಿಲ್ಲ. ಮಾದಮ್ಮನ ಗಂಡ, ಅಂದರೆ ಬೈರಯ್ಯನ ಮೊಮ್ಮಗ, ದೇವರ ಮೂಲೆ ನೋಡಿದ. ಹುರಿಯ ಒಂದು ತುದಿ ಮೊಳೆಗೆ ಬಿಗಿದಿತ್ತು. ಜೋತಾಡುತ್ತಿದ್ದ ಇನ್ನೊಂದು ತುದಿಯಿಂದ ಬಿಚ್ಚತೊಡಗಿದ. ಅದು ಬೈರಯ್ಯ ಕೊನೆಗೆ ಗಂಟು ಹಾಕಿದ ತುದಿ.

"ನಮ್ತಾತ ಅಳ್ತಾ ಬಿಚ್ಚಿದ್ನಂತೆ ಸಾ. ಎಣ್ಣೆ ಕುಡ್ದ ಗಂಟು, ಅಲ್ಲಾಕಿ ಕಚ್ಚಿ ಬಿಚ್ಚಿದ್ನಂತೆ. ಎಷ್ಟು ಬಿಚ್ಚಿದೆ ಅಂತ ಎಣುಸ್ಕಬೇಕು ಅನ್ನಾದೇ ತಲೇಗ್ ಬರ್ನಿಲ್ಲ. ಮಗ ಅತ್ತುದ್ದು ಕೇಳುಸ್ತು, ಕೈ ಬುಟ್ಟ. ಆ ಮಗೀನೇ ನಮ್ಮಪ್ಪ ನಂಜಯ್ಯ."

ಮಾದಮ್ಮ ಬದುಕಿರುವ ತನಕ ಹುರಿಯ ಬೋಳು ತುದಿಯನ್ನು ಸವರುತ್ತ, "ಮನೆ ಇರೀಕನ ದಾರೀನೇ ಅಳಿಸ್ಬುಟ್ನಲ್ಲ" ಎಂದು ಗೊಣಗುತ್ತಿದ್ದಳಂತೆ. ಗಂಟು ಹಾಕಿಕೊಂಡು ಒಳಗೆ ಬರಬಾರದೆಂಬ ಶಾಸ್ತ್ರ ಮಾಡಿದವಳೂ ಅವಳೇ.

ಉಳಿದಿರುವುದು ಇನ್ನೂರ ಹನ್ನೆರಡು ಗಂಟು. ಆಮೇಲೆ ಮೂರು ಮೊಳ ಬೋಳು. ಹೊಳೆನರಸೀಪುರದ ನಿವೃತ್ತ ಭೂಗೋಳದ ಮೇಷ್ಟ್ರು ತಿರುನಾರಾಯಣ ಅವರು ಬೋರಪ್ಪನವರ ಪರವಾಗಿ ಸರ್ವೆ ಕಚೇರಿಗಳಿಗೆ ಇಪ್ಪತ್ತು ವರ್ಷ ಕಾಗದ ಬರೆದಿದ್ದಾರೆ. ಒಂದೇ ಒಂದು ಉತ್ತರ ಬಂತು. ಆ ಸರ್ವೆಯ ದಾಖಲೆಯಲ್ಲಿ ಅಧಿಕಾರಿಗಳ ಹೆಸರಿದೆ, ಒಂಟೆಗಳಿಗೂ ಒಂದೊಂದು ನಂಬರಿದೆ, ಆಳುಗಳು ಮಾತ್ರ ಒಟ್ಟು ಇಷ್ಟು ಜನ ಎಂದಿದೆಯಂತೆ. 

ಮೇಷ್ಟ್ರು ಬೋಳು ಭಾಗವನ್ನು ಸ್ಕೇಲಿಟ್ಟು ಅಳೆದೂ ನೋಡಿದರು. "ಮೊದಮೊದಲು ಗಂಟಿನ ನಡುವೆ ನಾಲ್ಕು ಬೆರಳು ಇದೆ. ಕೊನೆಕೊನೆಗೆ ಎರಡೇ ಬೆರಳು. ಹದಿನೆಂಟು ಗಂಟು ಹೋಗಿರಬಹುದು, ಮೂವತ್ತಾರೂ ಹೋಗಿರಬಹುದು" ಎನ್ನುತ್ತಾರೆ. ಬೋರಪ್ಪನವರಿಗೆ ಆ ಎರಡು ಬೆರಳಿನದೇ ಸಂಕಟ. "ಹುರಿ ಸಾಲದು ಅಂತ ಅವ್ನಿಗ್ ಗೊತ್ತಾಗ್ಬುಟ್ಟದೆ ಸಾ. ಒತ್ತೊತ್ತಾಗಿ ಆಕವ್ನೆ. ದಾರಿ ಇನ್ನೂ ಅದೆ, ಹುರಿ ಇಲ್ಲ."

ಹತ್ತಿಪ್ಪತ್ತು ಮೈಲಿ ಆಚೀಚೆಯಾದರೇನು, ನೀವೇನು ಅಲ್ಲಿಗೆ ಹೋಗುತ್ತೀರಾ ಎಂದು ನಾನು ಪೆದ್ದುಪೆದ್ದಾಗಿ ಕೇಳುತ್ತೇನೆ. ಅವರು ಕೋಪ ಮಾಡಿಕೊಳ್ಳುವುದಿಲ್ಲ. "ಓಗಕಾಯ್ತದಾ? ಆ ದೇಸವೇ ಬ್ಯಾರೆ ಆಯ್ತು. ಆದ್ರೆ ಎಲ್ ಕೂತ್ಕಂಡ ಅಂತ ಗೊತ್ತಿದ್ರೆ, ಆ ದಿಕ್ಕಿಗೆ ಒಂದ್ ತಂಬಿಗೆ ನೀರ್ ಬುಡ್ಬೌದಾಗಿತ್ತು. ನೀರಿಲ್ದಿದ್ ಜಾಗ್ದಲ್ಲಿ ಜೀವ ಬುಟ್ಟೋನು."

ಮಾರ್ಚ್ ಮೂವತ್ತೊಂದಕ್ಕೆ ಬೋರಪ್ಪನವರಿಗೆ ನಿವೃತ್ತಿ. ರಸ್ತೆ ಬದಿಯಲ್ಲಿ ಆಗಲೇ ಕೇಬಲ್ಲಿಗೆ ಗುಂಡಿ ತೋಡಿದ್ದಾರೆ. ಏಪ್ರಿಲಿನಲ್ಲಿ ಮೇಲಿನ ತಂತಿ ಸುತ್ತಿ ಲಾರಿಗೆ ಹಾಕುತ್ತಾರೆ. ಕಂಬಕ್ಕೆ ಕಿವಿಯಿಟ್ಟರೆ ಇನ್ನು ಏನೂ ಕೇಳಿಸುವುದಿಲ್ಲ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡದೆ ರಸ್ತೆ ನೋಡುತ್ತಾರೆ.

ಕೊನೆಯ ದಿನ ಟವಲಿನ ಗಂಟು ಬಿಚ್ಚುವುದಿಲ್ಲ, ಅಜ್ಜಿಯ ಶಾಸ್ತ್ರ ಮುರಿದು ಹಾಗೇ ಮನೆಗೆ ತಂದು, ಹುರಿಯ ಬೋಳು ಜಾಗದಲ್ಲಿ ಹನ್ನೊಂದು ಗಂಟು ಹಾಕುತ್ತೇನೆ ಎಂದು ಅವರು ಮನೆಯಲ್ಲಿ ಹೇಳಿದ್ದರು. ಹೆಂಡತಿ ಪುಟ್ಟತಾಯಮ್ಮ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರಂತೆ. ನಾನು ಹೋದಾಗಲೂ ಅದೇ ಮಾತು: "ಆ ಬೋಳಿಗ್ಯಾಕ್ ಗಂಟಾಕೀರಿ? ಅದು ಬಿಚ್ಚುದ್ಕಲ್ವಾ ಮಾವ ಉಟ್ಟಿದ್ದು. ಅವ್ರು ಉಟ್ಟುದ್ಕಲ್ವಾ ನೀವಿರಾದು."

 ಅದಾಗಿ ಐದನೆಯ ದಿನ, ಹಿರೀಸಾವೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬೋರಪ್ಪನವರು, ಹನ್ನೊಂದು ಗಂಟಿನ ಟವಲನ್ನು ತೊಡೆಯ ಮೇಲೆ ಹರಡಿ ನನಗೆ ಹೇಳುತ್ತಾರೆ.

"ಅವ್ಳು ಯೋಳಿದ್ದೇ ಸರಿ ಸಾ. ಆ ಮೂರ್ ಮೊಳ ನಾನ್ ಮುಟ್ಟಕಿಲ್ಲ, ಅದು ನಮ್ಮಪ್ಪಂದು. ಕೊನೇ ದಿನ ಅದ್ರ ತುದೀಗೆ ಈ ಟವಲ್ ದಸಿ ಸೇರುಸ್ತೀನಿ. ಗಂಟು ಅಂಗೇ ಇರ್ತವೆ. ಅವ್ನು ಎಲ್ ಕೂತ್ಕಂಡ್ನೋ ಗೊತ್ತಾಗ್ದೆ ಓದ್ರೂ ಓಗ್ಲಿ. ಕೂತಿದ್ ಜಾಗ್ದಿಂದ ಮುಂದ್ಕೆ ಅನ್ನೊಂದ್ ಮೈಲಿ ನಾನ್ ನಡ್ದಿವ್ನಿ."