ಮೂರು ಹಳದಿ ಬಾವುಟಗಳು

ಗುರುರಾಜ್ ಅವರೇ, ಆ ಬಾವುಟಗಳನ್ನು ಕಿತ್ತು ಬೇರೆ ಕಡೆ ನೆಟ್ಟವಳು ನಾನು. ಗಾಳಿಯಲ್ಲ, ಮಕ್ಕಳಲ್ಲ — ನಾನೇ. ನೀವು ಯಾವ ತಪ್ಪನ್ನೂ ಮಾಡಿರಲಿಲ್ಲ.

ಫ್ರಿಸ್ಕೋದಲ್ಲಿ ಆ ಬೇಸಿಗೆ ಮಳೆಯೇ ಇರಲಿಲ್ಲ. ಹಿತ್ತಲಿನ ಜೇಡಿಮಣ್ಣು ಕೈ ತೂರುವಷ್ಟು ಬಿರಿದಿತ್ತು. ಮಗಳು ಅನಿಕಾಗೆ ಕುಣಿದು ಜಿಗಿಯುವ ಟ್ರ್ಯಾಂಪೊಲಿನ್ ಬೇಕಿತ್ತು. ಎತ್ತರದಿಂದ ಬಿದ್ದು ಕೈ ಮುರಿದುಕೊಂಡಾಳು, ಗುಂಡಿ ತೋಡಿ ನೆಲಮಟ್ಟಕ್ಕೇ ಕೂರಿಸೋಣ ಎಂದರು ನನ್ನ ಯಜಮಾನರು ಶ್ರೀಧರ್. ನಿಮ್ಮ ಮನೆಯಲ್ಲಿ ಅಂಥದ್ದೊಂದನ್ನು ನೀವೇ ಕೂರಿಸಿದ್ದಿರಿ. ‘ಅಗಿಯೋ ಮಷಿನ್ ನಾ ಬಾಡಿಗಿಗೆ ತರ್ತೀನ್ರಿ, ಒಂದ್ ಶನಿವಾರದ ಕೆಲಸ’ ಎಂದು ನೀವಾಗಿಯೇ ಮುಂದೆ ಬಂದಿರಿ.

ನೆಲದಡಿಯ ಕೊಳವೆಗಳನ್ನು ಗುರುತು ಮಾಡುವವರಿಗೆ ಫೋನ್ ಮಾಡಿದವರೂ ನೀವೇ. ಬಾವುಟ ಇಲ್ಲದ ಕಡೆ ಅಗೆಯುವುದು ಎಂದು ಮಾತಾಗಿತ್ತು. ಅವರು ಬಂದ ಗುರುವಾರ ಮನೆಯಲ್ಲಿದ್ದವಳು ನಾನೊಬ್ಬಳೇ. ಗ್ಯಾಸ್ ಕೊಳವೆ ಈಶಾನ್ಯದಲ್ಲಿತ್ತು. ಅಲ್ಲಿ ಮೂರು ಹಳದಿ ಬಾವುಟ ನೆಟ್ಟು, ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋದರು. ಇನ್ನು ಜಾಗ ಉಳಿದದ್ದು ನೈಋತ್ಯದಲ್ಲಿ ಮಾತ್ರ — ಕುಬೇರ ಮೂಲೆಯಲ್ಲಿ. ಅಲ್ಲಿ ಗುಂಡಿ ತೋಡಿದರೆ ಮನೆ ಯಜಮಾನನಿಗೆ ಆಗಿಬರುವುದಿಲ್ಲ ಎಂದು ಕೇಳುತ್ತಲೇ ಬೆಳೆದವಳು ನಾನು. ಲಾಸ್ ಕೊಲಿನಾಸ್‌ನಲ್ಲಿ ಶ್ರೀಧರರ ಆಫೀಸಿನ ಪ್ರಾಜೆಕ್ಟ್ ಆಗಲೇ ಅಲ್ಲಾಡುತ್ತಿತ್ತು. ಮೈಸೂರಿನ ವಾಸ್ತುವಿನವರನ್ನು ಕೇಳಿದೆ. ‘ಈಶಾನ್ಯದಲ್ಲಿ ತೋಡ್ಸಿ ತಾಯಿ, ಕುಬೇರ ಮೂಲೆ ಮಾತ್ರ ಬೇಡ’ ಎಂದರು. ಶ್ರೀಧರರಿಗೆ ಹೇಳಿದರೆ ನಗುತ್ತಿದ್ದರು. ನಿಮಗೆ ಹೇಳಲು ನಾಚಿಕೆ.

ಅನುಮಾನ ಹುಟ್ಟಿದ್ದು ಆಗ. ಗುರುತು ಮಾಡಿದವನು ಸರಿಯಾಗಿ ನೋಡಿದನೋ ಇಲ್ಲವೋ — ಹತ್ತು ನಿಮಿಷವೂ ನಿಂತಿರಲಿಲ್ಲ. ಕೊಳವೆ ಇದ್ದರೂ ಎಷ್ಟೋ ಆಳದಲ್ಲಿದ್ದೀತು — ನಮ್ಮದು ಸೊಂಟದಾಳದ ಗುಂಡಿ. ಹೀಗೆ ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಲಾನ್ ಕತ್ತರಿಸಿದಾಗ ಬಣ್ಣದ ಗೆರೆಯೂ ಹೋಯಿತು. ಮಧ್ಯಾಹ್ನ ಬಾವುಟಗಳನ್ನು ಕಿತ್ತು ಕುಬೇರ ಮೂಲೆಯಲ್ಲಿ ನೆಟ್ಟೆ.

ಶನಿವಾರ ನೀವು ಬಾವುಟ ನೋಡಿ, ಈಶಾನ್ಯಕ್ಕೆ ಮಷಿನ್ ತಿರುಗಿಸಿದಿರಿ. ನಾನು ಕಿಟಕಿಯಲ್ಲಿ ನಿಂತಿದ್ದೆ — ಬಾಯಿ ಬಿಡಲಿಲ್ಲ. ಅರ್ಧ ಗಂಟೆಯೊಳಗೆ ಬುಸ್ ಎಂಬ ಸದ್ದು, ಆಮೇಲೆ ವಾಸನೆ. ಮಷಿನ್ ಆರಿಸಿ, ನಮ್ಮೆಲ್ಲರನ್ನೂ ಹೊರಗೆ ಕಳಿಸಿ, ಕಡೆಯಲ್ಲಿ ಬಂದವರು ನೀವು. ಗ್ಯಾಸಿನವರು ಬಂದು ಅಕ್ಕಪಕ್ಕದ ಮನೆಗಳನ್ನೂ ಖಾಲಿ ಮಾಡಿಸಿದರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಗುರುವಾರ ಈಶಾನ್ಯದಲ್ಲೇ ಗುರುತು ಮಾಡಿದ್ದೆವೆಂದು ಗ್ಯಾಸಿನವರು ಫೋಟೋ ತೋರಿಸಿದರು. ಬಿಸಿಲಿನಲ್ಲಿ ನಿಂತಿದ್ದವರೆಲ್ಲ ನಿಮ್ಮ ಕಡೆ ತಿರುಗಿದರು. ನೀವು ಕುಬೇರ ಮೂಲೆಯತ್ತ ಕೈ ತೋರಿಸಿ ನನ್ನ ಕಡೆ ನೋಡಿದಿರಿ.

‘ವೈನಿ, ನಾ ಬಂದಾಗ ಫ್ಲ್ಯಾಗ್ ಆ ಕಡೆನೇ ಇದ್ವಲ್ರಿ? ನೀವು ನೋಡೀರಲ್ಲ?’

‘ನಾನು ಗಮನಿಸ್ಲಿಲ್ಲ’ ಎಂದೆ.

ಅಷ್ಟೇ ಸಾಕಾಯಿತು. ಮಷಿನ್ ಓಡಾಡಲು ಅಡ್ಡವಾಯಿತೆಂದು ನೀವೇ ಬಾವುಟ ಸರಿಸಿದಿರಿ ಎಂದು ಮಾತು ಹಬ್ಬಿತು. ಶ್ರೀಧರರೂ ನಂಬಿದರು. ಊರಿನವರ ಬೇಲಿ, ಚಪ್ಪರ, ಉಯ್ಯಾಲೆ — ಎಲ್ಲಕ್ಕೂ ಕೈ ಹಾಕುತ್ತಿದ್ದ ನಿಮ್ಮನ್ನು ಆಮೇಲೆ ಯಾರೂ ಕರೆಯಲಿಲ್ಲ. ಯುಗಾದಿ ಊಟದಲ್ಲಿ ಯಾರೋ ನಿಮಗೆ ‘ಗ್ಯಾಸ್ ಗುರು’ ಎಂದು ಹೆಸರಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಮ್ಮ ಹೆಂಡತಿ ತಟ್ಟೆ ಅಲ್ಲೇ ಇಟ್ಟು ಎದ್ದುಹೋದರು. ಮರುವರ್ಷ ನೀವು ಫ್ಲವರ್ ಮೌಂಡ್‌ಗೆ ಶಿಫ್ಟ್ ಆದಿರಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಬಾಳು ನನ್ನದಾಯಿತು. ಒಮ್ಮೆ ಅಂಗಡಿಯಲ್ಲಿ ಸಿಕ್ಕಾಗ ‘ಆರಾಮ ಅದೀರೇನ್ರಿ ವೈನಿ?’ ಎಂದಿರಿ. ಇವರಿಗೆ ಗೊತ್ತಿದೆಯೇ? ಗೊತ್ತಿದ್ದೂ ಕೇಳುತ್ತಿದ್ದಾರೆಯೇ? — ವಾರವಿಡೀ ಆ ಒಂದು ಮಾತನ್ನೇ ಜಾಲಾಡಿದೆ. ಪಕ್ಕದ ಮನೆಯವರು ಪರದೆ ಸರಿಸಿದರೂ ಅಂದು ಇವರು ನೋಡಿದ್ದರೇ ಎನಿಸುತ್ತಿತ್ತು. ನಿಮ್ಮ ಮೇಲೆ ಅನುಮಾನ ಹಾಕಿಸಿದವಳು ನಾನು, ಎಲ್ಲರನ್ನೂ ಅನುಮಾನಿಸುತ್ತ ಕೂತವಳೂ ನಾನೇ.

ನಿನ್ನೆ ಶ್ರೀಧರರಿಗೆ ಹೇಳಿದೆ. ಈ ಭಾನುವಾರ ನಮ್ಮ ಮನೆಯಲ್ಲಿ ಯುಗಾದಿ ಊಟ — ಅಂದು ನಕ್ಕವರೆಲ್ಲ ಬರುತ್ತಾರೆ. ಬಡಿಸುವ ಮೊದಲೇ ಅವರೆದುರು ಹೇಳುತ್ತೇನೆ. ನೀವು ಬರಬೇಕೆಂದು ಕೇಳುವ ಮುಖ ನನಗಿಲ್ಲ. ಅಂದು ನೀವು ಕೇಳಿದ್ದಕ್ಕೆ ಉತ್ತರವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನೋಡಿದ್ದೆ. ಬಾವುಟಗಳು ಆ ಕಡೆಯೇ ಇದ್ದವು. ನಾನೇ ನೆಟ್ಟಿದ್ದೆ.