ಪಿಕಪ್ಪಿಗೆ ಹಚ್ಚಿದ ಭೋಂಗಾ

ಬಬಲೇಶ್ವರದ ಸಂತೆಯಲ್ಲಿ ಮುದುಕನೊಬ್ಬ ನಮ್ಮ ಪಿಕಪ್ಪಿಗೆ ಕೈ ಅಡ್ಡ ಹಿಡಿದು, "ಯಾವ ಪಿಚ್ಚರ್ ಬಂದೈತ್ರಿ?" ಎಂದು ಕೇಳಿದ.

ಯಾವ ಪಿಚ್ಚರೂ ಅಲ್ಲ, ಇದು ಎಂಜಿನ್ನಿಗೆ ಗಾಳಿ ಕುಡಿಸುವ ವ್ಯವಸ್ಥೆ ಎಂದು ನಾನು ವಿವರಿಸಿದೆ. ಆತ ಒಮ್ಮೆ ಬಾನೆಟ್ ಪಕ್ಕದ ಲೌಡ್‌ಸ್ಪೀಕರ್ ಭೋಂಗಾ ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಹೊರಟುಹೋದ. ತಪ್ಪು ಅವನದಲ್ಲ. ಭೋಂಗಾ ಹೊತ್ತ ಗಾಡಿ ಊರಿಗೆ ಬಂತೆಂದರೆ ಒಂದೋ ಸಿನಿಮಾ, ಇಲ್ಲವೇ ಇಲೆಕ್ಷನ್. ಮೂರನೆಯ ಕಾರಣ ಕಂಡುಹಿಡಿದವನು ನಾನು.

ಗಾಡಿ ನಮ್ಮ ಅಣ್ಣನದು. ಮಿಲಿಟರಿ ಹರಾಜಿನಲ್ಲಿ ಬಂದ ಹಳೇ ಪೆಟ್ರೋಲ್ ಪಿಕಪ್. ತಿಕೋಟಾದ ತೋಟದಿಂದ ದ್ರಾಕ್ಷಿ ಬುಟ್ಟಿ ಹೇರಿಕೊಂಡು ವಿಜಾಪುರದ ಸ್ಟೇಷನ್ನಿಗೆ ಮುಟ್ಟಿಸುವುದು ಅವನ ಕೆಲಸ. ನಮ್ಮ ಮನೆಯ ಒಲೆ ಉರಿಯುವುದು ಅದರಿಂದಲೇ (ನಾನು ಬರೆಯುವ ಈ ಅಂಕಣದಿಂದ ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ). ಈ ಹಂಗಾಮಿನಲ್ಲಿ ಎರಡು ಸಲ ರೈಲು ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಬೇರೆ ಗಾಡಿ ನೋಡಬೇಕಾಗುತ್ತದೆ ಎಂದು ತೋಟದ ಗೌಡರು ನಗುತ್ತಲೇ ಹೇಳಿದ್ದರು.

ಏರಿನಲ್ಲಿ ಗಾಡಿಗೆ ದಮ್ ಸಾಲುತ್ತಿಲ್ಲ ಎಂದು ಅಣ್ಣ ಊಟಕ್ಕೆ ಕೂತಾಗ ಅಂದ. ಅಂದದ್ದು ಅವ್ವನಿಗೆ. ಕೇಳಿಸಿಕೊಂಡವನು ನಾನು.

ನಾನು ಓದಿದವನಲ್ಲವೇ? ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಲೇಖನ ಕಣ್ಣಿಗೆ ಬಿದ್ದಿತ್ತು. ಎಂಜಿನ್ನಿಗೂ ಉಸಿರು ಬೇಕು, ತಣ್ಣನೆಯ ಗಾಳಿ ಹೆಚ್ಚು ಹೋದಷ್ಟೂ ಶಕ್ತಿ ಹೆಚ್ಚು ಎಂದಿತ್ತು. ಮನೆಯಲ್ಲೇ ಮಾಡಿಕೊಳ್ಳಬಹುದು ಎಂದೂ ಇತ್ತು. ಸರಿ, ಗೋಳಗುಮ್ಮಟದ ಹತ್ತಿರ ಗ್ಯಾರೇಜ್ ಇಟ್ಟಿರುವ ಖಾದರ್ ಮಿಸ್ತ್ರಿಯ ಮುಂದೆ ನನ್ನ ಯೋಜನೆ ಬಿಚ್ಚಿಟ್ಟೆ. ಏರ್ ಫಿಲ್ಟರ್ ಎಂಬ ಎಣ್ಣೆ ಡಬ್ಬಿಯನ್ನು ಕಿತ್ತುಹಾಕುವುದು. ಅದರ ಜಾಗಕ್ಕೆ ತಗಡಿನ ಕೊಳವೆ, ಕೊಳವೆಯ ತುದಿಗೆ ಲೌಡ್‌ಸ್ಪೀಕರ್ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಭೋಂಗಾ, ಬಾನೆಟ್ ಪಕ್ಕಕ್ಕೆ, ಬಾಯಿ ಮುಂದಕ್ಕೆ.

"ಡಬ್ಬಿ ಸುಮ್ಮ ಇಟ್ಟಿಲ್ರಿ ಸಾಹೇಬ್ರ," ಎಂದ ಮಿಸ್ತ್ರಿ. "ಧೂಳಾ ಹಿಡೀತೈತಿ ಅದು."

ನಾನು ಪತ್ರಿಕೆ ತೆಗೆದು ಇಂಗ್ಲಿಷಿನಲ್ಲೇ ಎರಡು ಸಾಲು ಓದಿದೆ. ಮಿಸ್ತ್ರಿ ಪಾನಾ ಎತ್ತಿಕೊಂಡು ಡಬ್ಬಿಯ ನಟ್ಟು ಬಿಚ್ಚತೊಡಗಿದ. ಮೂವತ್ತು ವರ್ಷ ಪಳಗಿದ ಕೈಯ ಬಾಯಿ ಮುಚ್ಚಿಸಲು ಎರಡು ಸಾಲು ಇಂಗ್ಲಿಷ್ ಸಾಕು ನೋಡಿ.

ಗಾಡಿ ಗುಡುಗಿತು. ಏನು ಸದ್ದು! ಅಣ್ಣನೂ ಹಗುರ ಓಡುತ್ತದೆ ಎಂದ. ಒಂದೆರಡು ವಾರ ರೈಲಿಗಿಂತ ಮುಂಚೆ ದ್ರಾಕ್ಷಿ ಸ್ಟೇಷನ್ನಿನಲ್ಲಿತ್ತು, ನಾನು ಮನೆಯಲ್ಲಿ ಎಂಜಿನಿಯರ್ ಆಗಿದ್ದೆ. ಸದ್ದು ಜೋರಾದರೆ ಗಾಡಿ ಮುಂದೆ ಹೋಗುತ್ತಿದೆ ಎಂದು ನಂಬುವವರು ನಮ್ಮ ಮನೆಯವರಷ್ಟೇ ಏನಲ್ಲ (ಹೆಸರು ಬೇಡ, ಕಾಲ ಸರಿಯಿಲ್ಲ).

ಆ ಸಂತೆಯ ದಿನ ಅವ್ವನೂ ಗಾಡಿಯಲ್ಲಿದ್ದಳು. ಬಬಲೇಶ್ವರದ ರಸ್ತೆ ನಿಮಗೆ ಗೊತ್ತಲ್ಲ, ಎದುರಿಗೆ ಒಂದು ಬಸ್ ಹಾದುಹೋದರೆ ಧೂಳಿನಲ್ಲಿ ಸೂರ್ಯ ಕಾಣುವುದಿಲ್ಲ. ಅವ್ವ ಮೂಗಿಗೆ ಸೆರಗು ಒತ್ತಿ ಹಿಡಿದು ಕೂತಿದ್ದಳು. ನಾನು ಭೋಂಗಾದ ಮಹಿಮೆ ಹೇಳಿದೆ, ಡಬ್ಬಿ ಏನು ಮಾಡುತ್ತಿತ್ತು, ಅದನ್ನೇಕೆ ಕಿತ್ತಿಸಿದೆ ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನಾನರ ಸೆರಗ ಹಚ್ಕೊಂಡ ಕುಂತೇನಿ," ಅಂದಳು. "ಅದರ ಸೆರಗ ಯಾಕ ಬಿಚ್ಚಿಸಿದ್ಯೋ ತಮ್ಮಾ?"

ನಾನು ನಕ್ಕೆ. ಮಾರನೆಯ ದಿನ ಗೆಳೆಯರಿಗೆಲ್ಲ ಅದನ್ನು ಜೋಕಿನಂತೆ ಹೇಳಿದೆ. ಈಗ ನೆನೆದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮೊದಲು ಹೊಗೆ ಬಂತು, ಆಮೇಲೆ ಎಂಜಿನ್ ಎಣ್ಣೆ ಕುಡಿಯತೊಡಗಿತು. ಹೋದ ವಾರ ದ್ರಾಕ್ಷಿ ಸಮೇತ ಅದೇ ಏರಿನಲ್ಲಿ ನಿಂತೇಬಿಟ್ಟಿತು. ರೈಲು ಹೋಯಿತು. ಗೌಡರು ತಮ್ಮ ಮಾತು ಉಳಿಸಿಕೊಂಡರು. ಮಿಸ್ತ್ರಿ ಎಂಜಿನ್ ಬಿಚ್ಚಿ, ಭೋಂಗಾದ ಕೊಳವೆಯೊಳಗೆ ಬೆರಳಾಡಿಸಿ ನನಗೆ ತೋರಿಸಿದ. "ತಿಕೋಟಾ, ಬಬಲೇಶ್ವರದ ಮಣ್ಣೆಲ್ಲಾ ನೋಡ್ರಿ. ಜ್ವಾಳಾ ಬಿತ್ತಬಹುದು."

ಹಳೇ ಡಬ್ಬಿ ಎಲ್ಲಿ ಎಂದು ಕೇಳಿದ. ನಾನು ಅದನ್ನು ಹಿತ್ತಲಿಗೆ ಎಸೆದಿದ್ದೆ. ಅವ್ವ ಅದನ್ನು ಎತ್ತಿ ತಂದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಪತ್ರಿಕೆಯನ್ನು ಮತ್ತೆ ತೆರೆದು ನೋಡಿದೆ. ಧೂಳಿನ ರಸ್ತೆಯಲ್ಲಿ ಫಿಲ್ಟರ್ ತೆಗೆಯಬಾರದು ಎಂದು ಕೊನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಇತ್ತು. ಆ ಪುಟ ನಾನು ಓದಿರಲಿಲ್ಲ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಈಗ ಯಾರದೋ ಲಾರಿಗೆ ಬದಲಿ ಡ್ರೈವರ್ ಆಗಿ ಹೋಗುತ್ತಿದ್ದಾನೆ, ಲಾರಿ ಅಡ್ಡೆಯವರೆಗೆ ನನ್ನ ಸೈಕಲ್ಲಿನಲ್ಲಿ. ಇವತ್ತು ಬೆಳಿಗ್ಗೆ ನಾನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಸೈಕಲ್ ಸೀಟು ಒರೆಸುತ್ತಿದ್ದವನು ನನ್ನ ಕಡೆ ತಿರುಗಿದ.

"ಸೈಕಲ್ ಒಯ್ಯಾಕತ್ತೇನಿ. ಇದರ ಬಗ್ಗೆ ನೀ ಏನೂ ಓದಿಲ್ಲ, ಹೌದಿಲ್ಲೋ?"